ಇಂಗ್ಲಿಷ್ ಕಬ್ಬಿಣದ ಕಡಲೆಯಲ್ಲ



ಪರೀಕ್ಷೆ ಹತ್ತಿರ ಬರ್ತಾ ಇದೆ. ಗಣಿತಕ್ಕೆ ಹೆದರುವವರು ಕೆಲವರು. ಇಂಗ್ಲಿಷಿಗೆ ಹೆದರುವವರು ಹೆಚ್ಚು ಕಡಿಮೆ ನಾವೆಲ್ಲರೂ. ‘ಇಂಗ್ಲಿಷ್ ಅಂದ್ರೆ ಕಬ್ಬಿಣದ ಕಡಲೆ’ ಅಂತ ದೊಡ್ಡವರೇ ಹೇಳ್ತಾರೆ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು. ನಮಗೆ ಚೆನ್ನಾಗಿ ಬರುವ ಕನ್ನಡವನ್ನೇ ಏಣಿ ಮಾಡಿಕೊಂಡರೆ ಇಂಗ್ಲಿಷನ್ನು ಹತ್ತಬಹುದು. ಗಿಣಿಪಾಠಕ್ಕಿಂತ ಇದು ಸುಲಭ, ಬೇಗ ಮರೆಯುವುದೂ ಇಲ್ಲ.

ನನಗೆ ಈ ವಿಷಯ ಯಾಕೆ ಮುಖ್ಯ ಅಂದರೆ, ನಮ್ಮ ಅಕ್ಕ ಹತ್ತನೇ ತರಗತಿಯಲ್ಲಿ ಬೇರೆಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಉಳಿದಳು. ಗೈಡಿನಲ್ಲಿದ್ದ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದಕ್ಕೆ ಯಾವ ಉತ್ತರ ಯಾವುದಕ್ಕೆ ಅಂತ ಗೊತ್ತಾಗಲಿಲ್ಲವಂತೆ. ಈಗ ಹಗಲು ಕೂಲಿಗೆ ಹೋಗಿ, ರಾತ್ರಿ ಓದಿ, ಪರೀಕ್ಷೆಗೆ ಮತ್ತೆ ಕಟ್ಟಿದ್ದಾಳೆ. ಈ ಸಲವೂ ಆಗದಿದ್ದರೆ ಓದು ಸಾಕು ಅಂತ ಮನೆಯಲ್ಲಿ ಹೇಳಿದ್ದಾರೆ. ನಾವಿಬ್ಬರೂ ದಿನಾ ಸಂಜೆ ಕೂತು ಅಭ್ಯಾಸ ಮಾಡುವಾಗ ಕಂಡುಕೊಂಡ ದಾರಿಗಳನ್ನು, ಗುರುಗಳಿಗೆ ತೋರಿಸಿ ತಿದ್ದಿಸಿಕೊಂಡು, ಇಲ್ಲಿ ಬರೆದಿದ್ದೇನೆ. ಚಿಕ್ಕ ತರಗತಿಯವರೂ ಓದಲಿ ಅಂತ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸ್ಪೆಲ್ಲಿಂಗನ್ನು ನೀವೇ ನೋಟ್ ಬುಕ್ಕಿನಲ್ಲಿ ಬರೆದು ನೋಡಿ.

1. ಪದಗಳನ್ನು ಕೂಡಿಡುವುದು

ನಮಗೆ ಇಂಗ್ಲಿಷ್ ಪದ ಗೊತ್ತೇ ಇಲ್ಲ ಅನ್ನುವುದು ಸುಳ್ಳು. ಬಸ್ಸು, ಕಾರು, ಬೆಂಚು, ಪೆನ್ನು, ರೋಡು, ಟಿಕೆಟ್ಟು ಎಲ್ಲವೂ ಇಂಗ್ಲಿಷಿನವೇ. ಕನ್ನಡ ಅವಕ್ಕೆ ಕೊನೆಯಲ್ಲಿ ಒಂದು ‘ಉ’ಕಾರ ಸೇರಿಸಿ ತನ್ನದು ಮಾಡಿಕೊಂಡಿದೆ. ಆ ‘ಉ’ ತೆಗೆದರೆ ಇಂಗ್ಲಿಷ್ ಪದ ಕೈಗೆ ಸಿಕ್ಕಿತು. ಹೀಗೆ ಅಡುಗೆ ಮನೆ, ಬಸ್ ನಿಲ್ದಾಣ, ಹೊಲ, ಆಸ್ಪತ್ರೆ ಅಂತ ನಾಲ್ಕು ಪಟ್ಟಿ ಮಾಡಿ. ನಾನು ಮಾಡಿದಾಗ ಒಂದೇ ಸಂಜೆಗೆ 80 ದಾಟಿತು.

ಇಂಗ್ಲಿಷ್ ಕೂಡ ನಮ್ಮ ಕಡೆಯಿಂದ ಪದ ತೆಗೆದುಕೊಂಡಿದೆ. ಹಗ್ಗದ ನಾರಿಗೆ ಹೇಳುವ ‘ಕಾಯರ್’ ಮಲಯಾಳದಿಂದ ಹೋದದ್ದು. ‘ಕಟಮರಾನ್’ ಅನ್ನುವ ದೋಣಿಯ ಹೆಸರು ತಮಿಳಿನ ಕಟ್ಟುಮರ. ನಾವು ಹೇಳುವ ‘ಮೇಜು’, ‘ಸಾಬೂನು’ ಇಂಗ್ಲಿಷಿನವಲ್ಲ, ಬೇರೆ ಭಾಷೆಗಳಿಂದ ಬಂದವು. ಭಾಷೆಗಳು ನೆರೆಹೊರೆಯವರ ಹಾಗೆ ಕೊಟ್ಟು ತೆಗೆದುಕೊಂಡು ಬಾಳುತ್ತವೆ. ಆದ್ದರಿಂದ ಇಂಗ್ಲಿಷನ್ನು ನೋಡಿ ನಾಚಿಕೊಳ್ಳುವ ಅಗತ್ಯವಿಲ್ಲ.

ಮನೆಗೆ ಬರುವ ಚೀಲ, ಡಬ್ಬಿಗಳೇ ಪಠ್ಯಪುಸ್ತಕ. ಯೂರಿಯಾ ಚೀಲದ ಮೇಲೆ ‘ನೈಟ್ರೋಜನ್ 46’ ಅಂತ ಇರುತ್ತದೆ. ಮಾತ್ರೆಯ ಹಾಳೆಯ ಮೇಲೆ ‘ಎಕ್ಸ್‌ಪೈರಿ ಡೇಟ್’ ಇರುತ್ತದೆ. ಅದು ಮುಗಿದಿದ್ದರೆ ಮಾತ್ರೆ ನುಂಗಬಾರದು. ಕೀಟನಾಶಕದ ಬಾಟಲಿಯ ಮೇಲೆ ‘ಪಾಯ್ಸನ್’ ಅಂತ ಕಂಡರೆ ವಿಷ ಎಂದರ್ಥ. ಇವು ಅಂಕಕ್ಕೆ ಮಾತ್ರವಲ್ಲ, ಜೀವಕ್ಕೂ ಬೇಕಾದ ಪದಗಳು.

ದಿನಕ್ಕೆ ಐದೇ ಪದ ಸಾಕು. 200 ದಿನಕ್ಕೆ 1000 ಪದ ಆಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರು ಹೀಗೇ ಒಂದೊಂದೇ ಕನ್ನಡ ಪದ ಕೂಡಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟಿಸಿದರು. ಅದರಲ್ಲಿ ಸುಮಾರು 70,000 ಪದಗಳಿವೆ. ಅವರು ನಮ್ಮ ಭಾಷೆಯನ್ನು ಅಷ್ಟು ಕಲಿತರು ಅಂದಮೇಲೆ ನಾವು 1000 ಪದ ಕಲಿಯಲಾರೆವಾ?

2. ಸ್ಪೆಲ್ಲಿಂಗ್

ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ. ಇಂಗ್ಲಿಷಿನಲ್ಲಿ 26 ಅಕ್ಷರ, ಆದರೆ ಉಚ್ಚಾರಣೆಗಳು ಅದಕ್ಕಿಂತ ಬಹಳ ಹೆಚ್ಚು. ಅದಕ್ಕೇ ಒಂದೇ ಅಕ್ಷರ ಬೇರೆ ಬೇರೆ ಕೆಲಸ ಮಾಡಬೇಕು. ‘ನೈಫ್’ ಪದದ ಮೊದಲು ‘ಕೆ’ ಅಕ್ಷರವಿದೆ. ನೂರಾರು ವರ್ಷಗಳ ಹಿಂದೆ ಅದನ್ನೂ ಉಚ್ಚರಿಸುತ್ತಿದ್ದರು. ಬಾಯಿ ಬಿಟ್ಟಿತು, ಬರವಣಿಗೆ ಬಿಡಲಿಲ್ಲ. ‘ನೀ’ ಅಂದರೆ ಮೊಣಕಾಲು, ‘ನೋ’ ಅಂದರೆ ತಿಳಿ, ‘ನಾಕ್’ ಅಂದರೆ ತಟ್ಟು. ಇವೂ ಅದೇ ಮನೆತನ. ಇಂಥ ಪದಗಳನ್ನು ಒಟ್ಟಿಗೆ ಕಟ್ಟು ಕಟ್ಟಿ ಕಲಿತರೆ ನೆನಪಿರುತ್ತದೆ.

3. ವಾಕ್ಯ ಜೋಡಿಸುವುದು

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: ‘ರಾಮ ಮಾವಿನಹಣ್ಣು ತಿಂದ.’ ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ: ‘ರಾಮ ಏಟ್ ಎ ಮ್ಯಾಂಗೋ.’ ಮೊದಲು ಯಾರು, ಆಮೇಲೆ ಏನು ಮಾಡಿದ, ಕೊನೆಗೆ ಏನನ್ನು. ಇದನ್ನು ಬೆರಳಲ್ಲಿ ಎಣಿಸಿಕೊಂಡು ಬರೆಯಿರಿ.

ಇನ್ನೆರಡು ವ್ಯತ್ಯಾಸ ನೆನಪಿಡಿ. ‘ನಾಳೆ ಬರ್ತೀನಿ’ ಅಂದರೆ ಕನ್ನಡದಲ್ಲಿ ಸಾಕು, ‘ನಾನು’ ಬೇಡ. ಇಂಗ್ಲಿಷಿನಲ್ಲಿ ‘ಐ ವಿಲ್ ಕಮ್ ಟುಮಾರೋ’ ಅಂತ ‘ಐ’ ಬೇಕೇ ಬೇಕು. ‘ಅವರು ನಮ್ಮ ಮೇಷ್ಟ್ರು’ ಅನ್ನುವಾಗ ಕನ್ನಡದಲ್ಲಿ ಕ್ರಿಯಾಪದವೇ ಇಲ್ಲ. ಇಂಗ್ಲಿಷಿನಲ್ಲಿ ‘ಹೀ ಈಸ್ ಅವರ್ ಟೀಚರ್’ ಅಂತ ‘ಈಸ್’ ಬಿಡುವ ಹಾಗಿಲ್ಲ. ಬರೆದಾದ ಮೇಲೆ ‘ಯಾರು ಇದ್ದಾರಾ? ಕ್ರಿಯಾಪದ ಇದೆಯಾ?’ ಅಂತ ಎರಡು ಸಲ ನೋಡಿ.

4. ‘ಗೋ’ ಮತ್ತು ‘ಗೋಸ್’

ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ, ಹೋಗುತ್ತವೆ. ಕನ್ನಡದಲ್ಲಿ ಒಟ್ಟು ಒಂಬತ್ತು ರೂಪ. ಇವೆಲ್ಲ ನಮಗೆ ಶಾಲೆಗೆ ಬರುವ ಮೊದಲೇ ಬರುತ್ತಿದ್ದವು. ಇಂಗ್ಲಿಷಿನಲ್ಲಿ ಎರಡೇ ರೂಪ: ‘ಗೋ’ ಮತ್ತು ‘ಗೋಸ್’. ಹೀ, ಶೀ, ಇಟ್ ಇವು ಮೂರಕ್ಕೆ ‘ಗೋಸ್’, ಉಳಿದದ್ದಕ್ಕೆಲ್ಲ ‘ಗೋ’. ಈಗ ಹೇಳಿ, ಯಾವ ಭಾಷೆ ಕಷ್ಟ?

‘ಇಲ್ಲ’ ಅನ್ನುವಾಗ ಮಾತ್ರ ಹುಷಾರು. ‘ಹೀ ಡಸ್ ನಾಟ್ ಗೋ’ ಎಂಬುದು ಸರಿ. ಕೊನೆಯ ‘ಸ್’ ಆಗಲೇ ‘ಡಸ್’ ಒಳಗೆ ಹೋಗಿ ಕೂತಿದೆ, ಮತ್ತೆ ‘ಗೋಸ್’ ಅನ್ನಬಾರದು.

5. ಭೂತಕಾಲ ಮತ್ತು ಬಹುವಚನ

‘ಗೋ’ ಎಂಬುದು ‘ವೆಂಟ್’ ಯಾಕಾಗಬೇಕು ಅಂತ ನಮ್ಮ ತರಗತಿಯಲ್ಲಿ ಎಲ್ಲರೂ ಕೇಳುತ್ತಾರೆ. ಕನ್ನಡವನ್ನೇ ನೋಡಿ. ಮಾಡು–ಮಾಡಿದ ಸರಿಯಾಗಿದೆ. ಆದರೆ ಕೊಡು–ಕೊಟ್ಟ, ಬಾ–ಬಂದ, ತಿನ್ನು–ತಿಂದ, ಸಾಯು–ಸತ್ತ! ನನ್ನ ಪುಟ್ಟ ತಮ್ಮ ‘ಅಜ್ಜಿ ಮಿಠಾಯಿ ಕೊಡಿದಳು’ ಅನ್ನುತ್ತಾನೆ. ಎಲ್ಲರೂ ನಗುತ್ತೇವೆ, ಆದರೆ ಅವನು ನಿಯಮದ ಪ್ರಕಾರವೇ ಹೇಳಿದ್ದಾನೆ. ಕೇಳಿ ಕೇಳಿ ಅವನೂ ‘ಕೊಟ್ಟಳು’ ಅನ್ನುವುದನ್ನು ಕಲಿಯುತ್ತಾನೆ. ಇಂಗ್ಲಿಷೂ ಹಾಗೆಯೇ.

ಗುಂಪು ಮಾಡಿದರೆ ಸುಲಭ:
ಬದಲಾಗದವು: ಪುಟ್, ಕಟ್, ಹಿಟ್, ಶಟ್. ಮೂರೂ ರೂಪ ಒಂದೇ.
ಸ್ವರ ಬದಲಾಗುವವು: ಸಿಂಗ್–ಸ್ಯಾಂಗ್–ಸಂಗ್, ರಿಂಗ್–ರ‍್ಯಾಂಗ್–ರಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್.
‘ಡಿ’ ಹೋಗಿ ‘ಟಿ’ ಬರುವವು: ಸೆಂಡ್–ಸೆಂಟ್, ಲೆಂಡ್–ಲೆಂಟ್, ಬಿಲ್ಡ್–ಬಿಲ್ಟ್.
‘ಆಟ್’ ಗುಂಪು: ಬೈ–ಬಾಟ್, ಬ್ರಿಂಗ್–ಬ್ರಾಟ್, ಥಿಂಕ್–ಥಾಟ್, ಟೀಚ್–ಟಾಟ್.

ಬಹುವಚನದಲ್ಲೂ ಒಂದು ತಮಾಷೆ ಇದೆ. ‘ಚೈಲ್ಡ್’ ಎಂಬುದು ‘ಚೈಲ್ಡ್ಸ್’ ಆಗದೆ ‘ಚಿಲ್ಡ್ರನ್’ ಆಗುತ್ತದೆ. ನಮ್ಮಲ್ಲೂ ‘ಮಗು’ ಎಂಬುದು ‘ಮಗುಗಳು’ ಆಗದೆ ‘ಮಕ್ಕಳು’ ಆಗುತ್ತದೆ. ಎರಡು ಭಾಷೆಯಲ್ಲೂ ಮಕ್ಕಳು ನಿಯಮ ಕೇಳುವುದಿಲ್ಲ!

6. ‘ಎ’ ಮತ್ತು ‘ಆನ್’

ಇದಕ್ಕೆ ಕನ್ನಡ ಲಿಪಿಯೇ ಕೀಲಿಕೈ. ಪದವನ್ನು ಉಚ್ಚರಿಸಿದಂತೆ ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ‘ಆನ್’, ವ್ಯಂಜನವಾದರೆ ‘ಎ’. ಗಂಟೆಗೆ ‘ಅವರ್’ ಅನ್ನುತ್ತಾರೆ. ಸ್ಪೆಲ್ಲಿಂಗ್ ‘ಎಚ್’ನಿಂದ ಶುರುವಾದರೂ ಕನ್ನಡದಲ್ಲಿ ‘ಅ’, ಆದ್ದರಿಂದ ‘ಆನ್ ಅವರ್’. ‘ಯೂನಿವರ್ಸಿಟಿ’ಯ ಸ್ಪೆಲ್ಲಿಂಗ್ ‘ಯು’ ಎಂಬ ಸ್ವರಾಕ್ಷರದಿಂದ ಶುರುವಾದರೂ ಕನ್ನಡದಲ್ಲಿ ‘ಯ’ ವ್ಯಂಜನ, ಆದ್ದರಿಂದ ‘ಎ ಯೂನಿವರ್ಸಿಟಿ’. ‘ಎಂಎಲ್ಎ’ಗೆ ‘ಆನ್’.

ಒಂದು ಎಚ್ಚರಿಕೆ. ಮಾತಿನಲ್ಲಿ ನಾವು ಎಲ್ಲ ಅನ್ನುವುದನ್ನು ‘ಯೆಲ್ಲ’ ಅಂತೀವಿ, ಒಳಗೆ ಅನ್ನುವುದನ್ನು ‘ವೊಳಗೆ’ ಅಂತೀವಿ. ಅದೇ ಅಭ್ಯಾಸದಿಂದ ‘ಎಗ್’ ಹೋಗಿ ‘ಯೆಗ್’ ಆದರೆ ‘ಎ’ ಹಾಕಿಬಿಡುತ್ತೀರಿ. ಸರಿಯಾದದ್ದು ‘ಆನ್ ಎಗ್’. ಒಂದಕ್ಕೆ ಹೇಳುವ ಪದವನ್ನು ಮಾತ್ರ ‘ವನ್’ ಅಂತ ಬರೆದುಕೊಳ್ಳಿ, ಆಗ ‘ಎ ವನ್ ರುಪೀ ಕಾಯಿನ್’ ಸರಿಯಾಗುತ್ತದೆ.

7. ಅಟ್, ಆನ್, ಇನ್

ಕನ್ನಡದಲ್ಲಿ ವಿಭಕ್ತಿ ಪದದ ಹಿಂದೆ ಬಾಲದ ಹಾಗೆ ಬರುತ್ತದೆ: ಮನೆ‘ಯಲ್ಲಿ’, ಗಂಟೆ‘ಗೆ’. ಇಂಗ್ಲಿಷಿನಲ್ಲಿ ಅದು ಮೂಗುದಾರದ ಹಾಗೆ ಮುಂದೆ ಬರುತ್ತದೆ. ಕಾಲ ಹೇಳುವಾಗ ಚಿಕ್ಕದಕ್ಕೆ ‘ಅಟ್’, ಮಧ್ಯಮಕ್ಕೆ ‘ಆನ್’, ದೊಡ್ಡದಕ್ಕೆ ‘ಇನ್’. ಗಂಟೆ ಚಿಕ್ಕದು: ‘ಅಟ್ ಫೈವ್ ಓ ಕ್ಲಾಕ್’. ದಿನ ಮಧ್ಯಮ: ‘ಆನ್ ಮಂಡೇ’. ತಿಂಗಳು, ವರ್ಷ ದೊಡ್ಡವು: ‘ಇನ್ ಜೂನ್’, ‘ಇನ್ 1947’. ತಾರೀಖು ಸೇರಿದರೆ ಅದು ದಿನವಾಗುತ್ತದೆ: ‘ಆನ್ 15 ಆಗಸ್ಟ್ 1947’.

8. ಅಭ್ಯಾಸ ಮಾಡುವ ಕ್ರಮ

ಇವತ್ತು ಕಲಿತ ಐದು ಪದವನ್ನು ನಾಳೆ ಬೆಳಿಗ್ಗೆ ನೋಡದೇ ಬರೆಯಿರಿ. ಒಂದು ವಾರ ಬಿಟ್ಟು ಮತ್ತೆ ಬರೆಯಿರಿ. ಮರೆತದ್ದಕ್ಕೆ ಮಾತ್ರ ಗುರುತು ಹಾಕಿ, ಅದನ್ನೇ ಪುನಃ ಕಲಿಯಿರಿ. ಪ್ರತಿ ಪದಕ್ಕೂ ನಿಮ್ಮ ಮನೆಯ ವಿಷಯದ ಮೇಲೆ ಸ್ವಂತ ವಾಕ್ಯ ಮಾಡಿ. ಅಕ್ಕ ಮೊನ್ನೆ ‘ವೇಜಸ್’ ಎಂಬ ಪದಕ್ಕೆ ‘ಐ ಗೆಟ್ ಮೈ ವೇಜಸ್ ಆನ್ ಸ್ಯಾಟರ್ಡೇ’ ಅಂತ ಬರೆದಳು. ಅದು ಯಾವ ಗೈಡಿನಲ್ಲೂ ಇರಲಿಲ್ಲ, ಒಂದು ತಪ್ಪೂ ಇರಲಿಲ್ಲ. ಇಬ್ಬರು ಸೇರಿ ಒಬ್ಬರನ್ನೊಬ್ಬರು ಕೇಳಿದರೆ ಇನ್ನೂ ಒಳ್ಳೆಯದು. ಬಾಯಿಬಿಟ್ಟು ಹೇಳಿ, ಯಾರಾದರೂ ನಕ್ಕರೆ ನಗಲಿ. ಹಾಡ್ತಾ ಹಾಡ್ತಾ ರಾಗ ಅಂತ ಗಾದೆಯೇ ಇದೆಯಲ್ಲ.

ಈಗ ನಿಮಗೊಂದು ಪರೀಕ್ಷೆ

ಅ) ‘ಎ’ ಅಥವಾ ‘ಆನ್’ ಹಾಕಿ: ಅಂಬ್ರೆಲಾ, ಯೂನಿಫಾರ್ಮ್, ಆನೆಸ್ಟ್ ಬಾಯ್.
ಆ) ‘ಶೀ ಡಸ್ ನಾಟ್ ಈಟ್ಸ್ ರೈಸ್’ ತಿದ್ದಿರಿ.
ಇ) ಬಿಟ್ಟ ಸ್ಥಳ ತುಂಬಿ: ಅವರ್ ಸ್ಕೂಲ್ ಓಪನ್ಸ್ ____ ಜೂನ್.
ಈ) ಇಂಗ್ಲಿಷಿಗೆ ತನ್ನಿ: ನನಗೆ ಹಸಿವಾಗಿದೆ. (ಸುಳಿವು: ‘ನನಗೆ’ ಅನ್ನುವುದು ‘ಐ’ ಆಗುತ್ತದೆ.)

ಉತ್ತರಗಳು: ಅ) ಆನ್, ಎ, ಆನ್. ಆ) ಶೀ ಡಸ್ ನಾಟ್ ಈಟ್ ರೈಸ್. ಇ) ಇನ್. ಈ) ಐ ಆಮ್ ಹಂಗ್ರಿ.

ನಾಲ್ಕೂ ಸರಿಯಾದವರು ತಪ್ಪಾದವರಿಗೆ ಹೇಳಿಕೊಡಿ. ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಜಗುಲಿಯ ಮೇಲೆ ಅಭ್ಯಾಸ ಮಾಡೋಣ, ಬರುವವರು ಬನ್ನಿ. ಎಲ್ಲರಿಗೂ ಶುಭವಾಗಲಿ.

— 7ನೇ ತರಗತಿ ವಿದ್ಯಾರ್ಥಿ