ಶಾರ್ಟ್‌ಕಟ್ ಕೀ ಕೊಡುವ ಮುನ್ನ

ನಮ್ಮ ಅಬ್ಬಾ ಅಂಗಡಿಗಳಿಗೆ ಮಸಾಲೆ ಸಾಮಾನು ಹಾಕುತ್ತಾರೆ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ, ಉದ್ರಿ ಎಂದು ನಾಲ್ಕು ಫೋಲ್ಡರ್‌ಗಳಿವೆ. ಬೇಗ ತೆರೆಯಲೆಂದು ನಾಲ್ಕಕ್ಕೂ ಶಾರ್ಟ್‌ಕಟ್ ಕೀ ಕೊಟ್ಟೆ.

ವಿಂಡೋಸ್‌ನಲ್ಲಿ ಇದು ಸುಲಭ. ಫೋಲ್ಡರಿನ ಶಾರ್ಟ್‌ಕಟ್ಟನ್ನು ಡೆಸ್ಕ್‌ಟಾಪಿನಲ್ಲಿ ಮಾಡಿಕೊಳ್ಳಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಶಾರ್ಟ್‌ಕಟ್ ಕೀ’ ಎಂಬಲ್ಲಿ 1 ಒತ್ತಿದರೆ ಕಂಟ್ರೋಲ್, ಆಲ್ಟ್ ತಾವಾಗಿಯೇ ಸೇರುತ್ತವೆ. ಓಕೆ ಕೊಡಿ. ಆಮೇಲೆ ಮೂರನ್ನೂ ಒಟ್ಟಿಗೆ ಒತ್ತಿದರೆ ಫೋಲ್ಡರ್ ತೆರೆಯುತ್ತದೆ.

ಉದ್ರಿಗೆ 4 ಕೊಟ್ಟಿದ್ದೇ ತಪ್ಪಾಯಿತು. ‘ಇಂಗ್ಲಿಷ್ ಇಂಡಿಯಾ’ ಕೀಬೋರ್ಡಿನಲ್ಲಿ ಕಂಟ್ರೋಲ್, ಆಲ್ಟ್, 4 ಒಟ್ಟಿಗೆ ಒತ್ತಿದರೆ ₹ ಬರಬೇಕು. ಒಬ್ಬ ಅಂಗಡಿಯವರು ಪಕ್ಕದಲ್ಲಿ ಕೂತಿದ್ದಾಗ ಅವರ ಬಿಲ್ಲಿಗೆ ₹ ಹಾಕಲು ಹೋದೆ. ಉದ್ರಿ ಫೋಲ್ಡರ್ ತೆರೆದು ಬಾಕಿದಾರರ ಹೆಸರೆಲ್ಲ ಕಾಣಿಸಿತು. “ಬೇರೆಯವರ ಲೆಕ್ಕ ನಮ್ಮ ಹತ್ತಿರ ಅಮಾನತ್ ಇದ್ದ ಹಾಗೆ” ಎಂದು ಅಬ್ಬಾ ಆಮೇಲೆ ಹೇಳಿದರು.

ಅದೇ ಜಾಗಕ್ಕೆ ಹೋಗಿ ಬ್ಯಾಕ್‌ಸ್ಪೇಸ್ ಒತ್ತಿ, ಓಕೆ ಕೊಟ್ಟೆ. ಕೀ ರದ್ದಾಯಿತು, ₹ ಮರಳಿ ಬಂತು.

ನೀವೂ ಕೀ ಕೊಡುವ ಮೊದಲು ಅದನ್ನು ನೋಟ್‌ಪ್ಯಾಡಿನಲ್ಲಿ ಒತ್ತಿ ನೋಡಿ. ಏನಾದರೂ ಮೂಡಿದರೆ ಆ ಕೀ ಬಿಡಿ. ಕೊಟ್ಟ ಕೀಗಳನ್ನು ಪುಸ್ತಕದಲ್ಲಿ ಬರೆದಿಡಿ. ಗುಟ್ಟಿನ ಲೆಕ್ಕಕ್ಕೆ ಮಾತ್ರ ಶಾರ್ಟ್‌ಕಟ್ ಬೇಡವೇ ಬೇಡ.