ಕಿಡ್ನಿ ಸೋಲುವ ಮುನ್ನ

ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ತೆಂಗು, ಗೋಡಂಬಿ ತೋಟಗಳ ಹಸಿರು ಸೀಮೆ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇಲ್ಲದ ರೈತರ, ಕೂಲಿಕಾರರ ಕಿಡ್ನಿಗಳು ಕೂಡ ಇಲ್ಲಿ ಸದ್ದಿಲ್ಲದೆ ಸೋಲುತ್ತಿವೆ. ಕುಡಿಯುವ ನೀರು, ಕೀಟನಾಶಕ, ಬಿಸಿಲಿನ ದುಡಿಮೆ, ನೋವಿನ ಮಾತ್ರೆ ಎಂದು ಸಂಶೋಧಕರು ಎಲ್ಲವನ್ನೂ ಜಾಲಾಡಿದ್ದಾರೆ. ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗಿಲ್ಲ.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ನಿಕರಾಗುವಾಗಳ ಕಬ್ಬಿನ ಗದ್ದೆಗಳಲ್ಲೂ ಇಂಥದೇ ಕಥೆ. ಅಲ್ಲಿ ಕಟಾವಿನವರಿಗೆ ನೀರು, ನೆರಳು, ನಡುನಡುವೆ ವಿಶ್ರಾಂತಿ ಕೊಟ್ಟಾಗ ಕಿಡ್ನಿಗೆ ಬೀಳುವ ಪೆಟ್ಟು ತಗ್ಗಿತು.

ಕಿಡ್ನಿಯ ಅರ್ಧಕ್ಕಿಂತ ಹೆಚ್ಚು ಶಕ್ತಿ ಕುಂದುವವರೆಗೂ ರೋಗಿಗೆ ಏನೂ ಗೊತ್ತಾಗದಿರಬಹುದು. ಆಮೇಲೆ ಸುಸ್ತು, ಕಾಲಿನ ಊತ, ವಾಕರಿಕೆ, ತುರಿಕೆ. ಕೊನೆಗೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿಸಲ ಸುಮಾರು 4 ಗಂಟೆ ಡಯಾಲಿಸಿಸ್. ಆ ದಿನಗಳ ಕೂಲಿಯೂ ಇಲ್ಲ, ಮೇಲೆ ಬಸ್ ಚಾರ್ಜು ಬೇರೆ.

ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಎರಡನ್ನೂ ಪರೀಕ್ಷಿಸಿಕೊಳ್ಳಬೇಕು. ಬೇಗ ಪತ್ತೆಯಾದರೆ ದಾರಿಯುಂಟು: ಡಾಪಾಗ್ಲಿಫ್ಲೋಜಿನ್ ಮಾತ್ರೆ ಹಲವರಲ್ಲಿ ಕಿಡ್ನಿಯ ಕುಸಿತವನ್ನು ನಿಧಾನಗೊಳಿಸುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕಿಡ್ನಿ ಸೋತವರಿಗೆ ದಾರೆಹುಳಿ ಹಣ್ಣು ವಿಷ. ಎಳನೀರನ್ನೂ ವೈದ್ಯರನ್ನು ಕೇಳದೆ ಕುಡಿಯಬಾರದು. ಇನ್ನು, ಮಂಡಿನೋವಿಗೆಂದು ಚೀಟಿಯಿಲ್ಲದೆ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವ ಅಭ್ಯಾಸವಿದ್ದರೆ ಇಂದೇ ಬಿಡಿ.