ಜೋಳದ ದಂಟು: ಮೇವೂ ವಿಷವೂ

ಬಯಲು ಸೀಮೆಯ ರೈತನಿಗೆ ಜೋಳದ ಬೆಳೆಯಿಂದ ಎರಡು ಲಾಭಗಳುಂಟು: ಕಾಳು ಮನೆಯವರಿಗೆ, ದಂಟು ದನಗಳಿಗೆ. ಒಣಗಿಸಿ ಬಣವೆ ಒಟ್ಟಿದ ಕಣಿಕೆಯು ಬೇಸಿಗೆಯಲ್ಲಿ ಎತ್ತುಗಳ ಜೀವವನ್ನು ಕಾಯುತ್ತದೆ. ಆದರೆ ಅದೇ ದಂಟು ಎಳೆಯದಾಗಿರುವಾಗ ಎತ್ತನ್ನು ಕೊಲ್ಲಬಲ್ಲದು. ಇದು ಹೇಗೆ?

ಎಳೇ ಜೋಳದ ಎಲೆಗಳಲ್ಲಿಯೂ ದಂಟಿನಲ್ಲಿಯೂ ಒಂದು ವಸ್ತು ಇರುತ್ತದೆ. ಡನ್‌ಸ್ಟನ್, ಹೆನ್ರಿ ಎಂಬ ಇಬ್ಬರು ಶಾಸ್ತ್ರಜ್ಞರು 1902ನೆಯ ಇಸವಿಯಲ್ಲಿ ಅದನ್ನು ವಿವರಿಸಿ, ಅರಬೀ ಭಾಷೆಯಲ್ಲಿ ಜೋಳಕ್ಕಿರುವ ಹೆಸರಿನಿಂದ ಅದನ್ನು ಧುರಿನ್ ಎಂದು ಕರೆದರು. ಅರಿಸಿನವೂ ಸುಣ್ಣವೂ ಬೇರೆ ಬೇರೆಯಾಗಿರುವ ತನಕ ಕೆಂಪು ಬಣ್ಣ ಹುಟ್ಟುವದಿಲ್ಲ. ಕಲಸಿದ ಕೂಡಲೇ ಹುಟ್ಟುತ್ತದೆ. ಅದರಂತೆಯೇ ದನವು ಎಲೆಯನ್ನು ಅಗಿದಾಗ, ಧುರಿನ್ ಎಲೆಯೊಳಗಿನ ಮತ್ತೊಂದು ವಸ್ತುವಿನೊಡನೆ ಕೂಡಿ ಸಯನೈಡ್ ಎಂಬ ಘೋರ ವಿಷವನ್ನು ಹುಟ್ಟಿಸುತ್ತದೆ. ಆಗ ದನವು ಉಸಿರನ್ನು ಎಳೆದುಕೊಂಡರೂ ಶರೀರವು ಆ ಪ್ರಾಣವಾಯುವನ್ನು ಉಪಯೋಗಿಸಲಾರದು.

ಅಪಾಯದ ಕಾಲಗಳು ಮೂರು. ಒಂದನೆಯದು, ತೆನೆ ಹಾಯುವದಕ್ಕೆ ಮುಂಚಿನ ಎಳೇ ಪೈರು. ಎರಡನೆಯದು, ಮಳೆ ತಪ್ಪಿ ಗಿಡ್ಡಾಗಿ ಬಾಡಿದ ಪೈರು, ಮತ್ತು ಅದರ ಮೇಲೆ ಮಳೆ ಬಿದ್ದಾಗ ಬರುವ ಹೊಸ ಚಿಗುರು. ಮೂರನೆಯದು, ಕೊಯ್ದ ಹೊಲದ ಕೂಳೆಯಿಂದ ಏಳುವ ಚಿಗುರು.

ವಿಷವೇರಿದ ದನವು ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ತೂರಾಡಿ ಬಿದ್ದು ಒದ್ದಾಡುತ್ತದೆ. ಕೆಲವು ನಿಮಿಷಗಳಲ್ಲಿಯೇ ಸಾಯಬಹುದು. ಇದನ್ನು ಕಂಡು ಕೆಲವರು ಕೆಟ್ಟ ದೃಷ್ಟಿ ತಾಗಿತೆಂದು ಹೇಳಿ ಹೊತ್ತು ಕಳೆಯುತ್ತಾರೆ. ಹಾಗೆ ಮಾಡಬಾರದು. ಉಳಿದ ದನಗಳನ್ನು ಆ ಹೊಲದಿಂದ ಹೊಡೆದುಬಿಟ್ಟು, ಕೂಡಲೇ ಪಶುವೈದ್ಯರನ್ನು ಕರೆಯಿಸತಕ್ಕದ್ದು. ತಕ್ಕ ಸೂಜಿಮದ್ದು ಬೇಗ ಸಿಕ್ಕಿದರೆ ದನವು ಬದುಕುವದುಂಟು.

ಆದರೂ ಮದ್ದಿಗಿಂತ ಎಚ್ಚರಿಕೆಯೇ ಲೇಸು. ಹಸಿ ದಂಟನ್ನು ಹೂವಾಡಿದ ಮೇಲೆಯೇ ಕೊಯ್ದು ಹಾಕಿರಿ. ಅರ್ಧ ಬಾಡಿದ ಮೇವನ್ನು ನಂಬಬೇಡಿರಿ. ಚೆನ್ನಾಗಿ ಒಣಗಿದರೆ ವಿಷದ ಬಹುಭಾಗವು ಆರಿಹೋಗುತ್ತದೆ. ಹಸಿದ ದನಗಳನ್ನು ಎಳೇ ಜೋಳದ ಬದುವಿನಲ್ಲಿ ಕಟ್ಟಬೇಡಿರಿ. ದನ ಕಾಯುವ ಹುಡುಗರಿಗೂ ಇದನ್ನು ತಿಳಿಸಿರಿ; ಯಾಕಂದರೆ ಹಗ್ಗವು ಅವರ ಕೈಯಲ್ಲಿರುತ್ತದೆ.

ಮನೆಯಲ್ಲಿ ಓದಿ ಕೇಳತಕ್ಕ ಪ್ರಶ್ನೆಗಳು:
1. ಜೋಳದ ದಂಟು ಯಾವ ಮೂರು ಕಾಲಗಳಲ್ಲಿ ಅಪಾಯಕರವಾಗಿದೆ?
2. ಒಣಗಿದ ಕಣಿಕೆಯನ್ನು ದನಗಳು ತಿಂದರೂ ಸಾಯದಿರುವದೇಕೆ?
3. ನಮ್ಮ ಹೊಲದ ಕೂಳೆಯಲ್ಲಿ ಈಗ ಚಿಗುರು ಇದೆಯೋ?